ಡ್ರೈವರ್ ಇಲ್ಲದ ಗಾಡಿ, ಕಾಲ್ಮಾರಿನ ಲೆಕ್ಕ

ಪುಣೆಯ ಸುತ್ತಮುತ್ತಲಿನ ಕಾರ್ಖಾನೆಗಳಿಗೆ ಸಾಲ ಮಂಜೂರು ಮಾಡೋ ಕೆಲಸದಲ್ಲೇ ನನ್ನ ಅರ್ಧ ಸರ್ವೀಸು ಕಳೆದಿದೆ. ಹೊಸ ಯಂತ್ರಕ್ಕೆ ಅರ್ಜಿ ಬಂತು ಅಂದ್ರೆ ನಮ್ಮಂಥ ಬಿ.ಕಾಂ. ಮಂದಿ ಮೊದಲು ಹುಡುಕೋದು ಒಂದೇ ಅಂಕಿ: ಇದರಿಂದ ಎಷ್ಟು ಜನರ ಸಂಬಳ ಉಳಿಯುತ್ತೆ? ಸಾಮಾನು ಹೊತ್ತು ತಾನಾಗೇ ಓಡಾಡೋ ಗಾಡಿಗಳಿಗೂ (ಎ.ಜಿ.ವಿ. ಅಂತಾರೆ) ಇದೇ ಪ್ರಶ್ನೆ. ಆದರೆ ಈ ಗಾಡಿಯ ಚರಿತ್ರೆಯಲ್ಲಿ ಲೆಕ್ಕ ಪೂರ್ತಿ ಉಲ್ಟಾ ಆಗಿರೋ ಒಂದು ಅಧ್ಯಾಯ ಇದೆ.

ಮೊದಲಿನ ಕಥೆ ಚಿಕ್ಕದು. 1950ರ ದಶಕದಲ್ಲಿ ಅಮೆರಿಕದ ಬ್ಯಾರೆಟ್ ಎಲೆಕ್ಟ್ರಾನಿಕ್ಸ್ ಕಂಪನಿ ಗೋದಾಮಿನಲ್ಲಿ ಸಾಮಾನು ಎಳೆಯೋ ಟ್ರ್ಯಾಕ್ಟರಿನಿಂದ ಡ್ರೈವರನ್ನ ಇಳಿಸಿಬಿಟ್ಟಿತು. ನೆಲದೊಳಗೆ ಒಂದು ತಂತಿ, ಅದರಲ್ಲಿ ಸಣ್ಣ ಕರೆಂಟು. ಗಾಡಿಯ ಅಡಿ ಎಡಕ್ಕೊಂದು ಬಲಕ್ಕೊಂದು ಸುರುಳಿ. ಎರಡರಲ್ಲೂ ಸಿಗ್ನಲ್ ಸಮ ಇದ್ದರೆ ನೇರ ಹೋಗು, ಒಂದರಲ್ಲಿ ಜಾಸ್ತಿ ಆದರೆ ಆ ಕಡೆ ತಿರುಗು. ತಕ್ಕಡಿ ನೋಡಿಕೊಂಡು ನಡೆದ ಹಾಗೆ, ಅಷ್ಟೆ!

ಈಗ ಸ್ವೀಡನ್ನಿಗೆ ಬನ್ನಿ. 1960ರ ದಶಕದ ಕೊನೆಗೆ ಅಲ್ಲಿನ ಕಾರು ಕಾರ್ಖಾನೆಗಳಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ಓದಿದ ಹುಡುಗರಿಗೆ ದಿನವಿಡೀ ಬೆಲ್ಟಿನ ಮುಂದೆ ನಿಂತು ಅದೇ ನಾಲ್ಕು ಬೋಲ್ಟು ಬಿಗಿಯೋದು ಬೇಡವಾಗಿತ್ತು. ಗೈರುಹಾಜರಿ ವಿಪರೀತ, ಸೇರಿದವರು ಬೇಗ ಬಿಟ್ಟು ಹೋಗೋರು. ಮತ್ತೆ ನೇಮಕ, ಮತ್ತೆ ತರಬೇತಿ, ಮತ್ತೆ ಖರ್ಚು. ವೋಲ್ವೋ ಕಂಪನಿಯ ಮುಖ್ಯಸ್ಥ ಪೆರ್ ಯಿಲ್ಲೆನ್‌ಹಮ್ಮರ್ ಬೆಲ್ಟನ್ನೇ ಕಿತ್ತುಹಾಕೋಣ ಅಂದರು. 1974ರಲ್ಲಿ ಕಾಲ್ಮಾರ್ ಊರಿನಲ್ಲಿ ಶುರುವಾದ ಕಾರ್ಖಾನೆಯಲ್ಲಿ ಪ್ರತಿ ಕಾರೂ ಒಂದೊಂದು ಡ್ರೈವರಿಲ್ಲದ ಗಾಡಿಯ ಮೇಲೆ ಸವಾರಿ! ಹದಿನೈದಿಪ್ಪತ್ತು ಜನರ ತಂಡಗಳು. ಪ್ರತಿ ತಂಡಕ್ಕೂ ತನ್ನದೇ ಬಾಗಿಲು, ತನ್ನದೇ ಕಾಫಿ ಕೋಣೆ. ಕಾರನ್ನ ತೊಂಬತ್ತು ಡಿಗ್ರಿ ವಾಲಿಸಬಹುದಿತ್ತು, ಹಾಗಾಗಿ ಕತ್ತು ಮೇಲೆತ್ತಿಕೊಂಡು ಅಡಿಯ ಕೆಲಸ ಮಾಡೋ ಹಿಂಸೆ ತಪ್ಪಿತು. ತಂಡ ತಂಡಗಳ ನಡುವೆ ಒಂದಷ್ಟು ಗಾಡಿ ಕಾದು ನಿಲ್ಲೋಕೆ ಜಾಗ ಬೇರೆ. ಕ್ಯಾಷಿಯರ್ ನಾಲ್ಕು ಕಟ್ಟು ಮೊದಲೇ ಎಣಿಸಿಟ್ಟು ಚಹಾಕ್ಕೆ ಹೋಗ್ತಾನಲ್ಲ, ಹಾಗೆ.

ಸ್ವರ್ಗ ಏನಲ್ಲ ಬಿಡಿ. ಗಾಡಿಗಳ ಓಟವೆಲ್ಲ ಒಂದು ಕಂಪ್ಯೂಟರಿನ ಕೈಯಲ್ಲಿತ್ತು, ಬೆಲ್ಟು ಹೋದರೂ ವೇಗದ ಲಗಾಮು ಪೂರ್ತಿ ಕೆಲಸಗಾರನ ಕೈಗೆ ಬರಲಿಲ್ಲ ಅಂತ ಟೀಕಿಸಿದವರಿದ್ದರು. ಆದರೂ ನನಗೆ ಆಶ್ಚರ್ಯ ಆಗೋದು ಇಲ್ಲೇ. ಆ ಬಂಡವಾಳ ಹಾಕಿದ್ದು ಆಳನ್ನ ತೆಗೆಯೋಕಲ್ಲ, ಉಳಿಸಿಕೊಳ್ಳೋಕೆ. ಬಿಟ್ಟು ಹೋಗೋರ ಖರ್ಚನ್ನ ಕಾಲಂ ಮಾಡಿ ಬರೆದ ಪ್ರಾಜೆಕ್ಟ್ ರಿಪೋರ್ಟು ನನ್ನ ಮೇಜಿಗೆ ಈವರೆಗೂ ಬಂದಿಲ್ಲ.

1990ರ ದಶಕದ ಆರಂಭದಲ್ಲಿ ಸ್ವೀಡನ್ನಿಗೆ ಆರ್ಥಿಕ ಹಿಂಜರಿತ ಬಡಿಯಿತು, ಕಾರು ಮಾರಾಟ ಕುಸಿಯಿತು. ಇದೇ ದಾರಿ ಹಿಡಿದಿದ್ದ ಉದ್ದೆವಾಲಾ ಕಾರ್ಖಾನೆ 1993ರಲ್ಲಿ, ಕಾಲ್ಮಾರ್ 1994ರಲ್ಲಿ ಮುಚ್ಚಿದವು. ಗೋಥೆನ್‌ಬರ್ಗಿನ ದೊಡ್ಡ ಕಾರ್ಖಾನೆ ಉಳಿಯಿತು. ಗಾಡಿ ಮಾತ್ರ ನಿಲ್ಲಲಿಲ್ಲ. 2012ರಲ್ಲಿ ಅಮೆಜಾನ್ ಕಂಪನಿ ಕೀವಾ ಸಿಸ್ಟಮ್ಸನ್ನ 77.5 ಕೋಟಿ ಡಾಲರ್ ಕೊಟ್ಟು ಕೊಂಡಿತು. ಈ ಪುಟ್ಟ ಗಾಡಿಗಳು ಗೋದಾಮಿನಲ್ಲಿ ಇಡೀ ಕಪಾಟನ್ನೇ ಹೊತ್ತು ತಂದು ಮನುಷ್ಯನ ಮುಂದೆ ನಿಲ್ಲಿಸುತ್ತವೆ. ಅವನು ಸಾಮಾನು ತೆಗೆಯುತ್ತಿದ್ದ ಹಾಗೇ ಹಿಂದೆ ಇನ್ನೊಂದು ಕಪಾಟು ಸಾಲಿನಲ್ಲಿ ಬಂದು ನಿಂತಿರುತ್ತೆ.