ಶಿಲೆ, ಓಲೆ, ಅಚ್ಚು: ಮೂಡುಬಿದಿರೆಯ ಸೀಮೆಯ ಬರಹಗಳಲ್ಲಿ ಬೆಳಕಿನ ಸ್ಥಾನ

ತುಳುನಾಡಿನ ಇತಿಹಾಸಕ್ಕೆ ಶಿಲಾಶಾಸನಗಳು ಮುಖ್ಯವಾದ ಆಧಾರಗಳೆಂಬುದು ವಿದಿತವಾದ ವಿಷಯ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಮುಂಗಾರಿನ ಮಳೆಯು ಅತಿಶಯವಾದುದರಿಂದ, ಬಯಲಿನಲ್ಲಿ ನಿಂತ ಕಲ್ಲುಗಳು ಪಾಚಿಗಟ್ಟಿ, ಅವುಗಳ ಅಕ್ಷರಗಳು ಸವೆಯುತ್ತವೆ. ಇಂತಹ ಬರಹವು ಕಣ್ಣಿಗೆ ಹೇಗೆ ಗೋಚರವಾಗುತ್ತದೆಂಬುದನ್ನು ಅರಿಯದೆ ಪಾಠನಿರ್ಣಯಕ್ಕೆ ತೊಡಗುವುದು ಯುಕ್ತವಲ್ಲ.

ಕೊರೆದ ಅಕ್ಷರಕ್ಕೆ ಸ್ವಂತ ಬಣ್ಣವಿಲ್ಲ. ನೆರಳೇ ಅದರ ರೂಪ. ಬೆಳಕು ಕಲ್ಲಿನ ಮುಖಕ್ಕೆ ನೇರವಾಗಿ ಬಿದ್ದಾಗ ಅಳಿದಂತೆ ತೋರುವ ಸಾಲು, ಓರೆಯಾಗಿ ಬಿದ್ದಾಗ ಸ್ಪಷ್ಟವಾಗುತ್ತದೆ. ಶಾಸನದ ಪಡಿಯಚ್ಚು ಈ ನೆರಳನ್ನು ಕಾಗದದ ಮೇಲೆ ಸ್ಥಿರಗೊಳಿಸುವ ಉಪಾಯ. ತೊಳೆದ ಶಿಲೆಗೆ ಒದ್ದೆಯ ಕಾಗದವನ್ನು ಹಚ್ಚಿ ಕುಂಚದಿಂದ ಬಡಿದಾಗ ಅದು ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಅನಂತರ ಮಸಿಯನ್ನು ಒತ್ತಿದರೆ ಅದು ಮೇಲ್ಮೈಗೆ ಮಾತ್ರ ತಗಲಿ, ಅಕ್ಷರಗಳು ಕಪ್ಪಿನ ನಡುವೆ ಬಿಳಿಯಾಗಿ ನಿಲ್ಲುತ್ತವೆ. ಚೀನದೇಶದಲ್ಲಿ ಟಾಂಗ್ ಅರಸರ ಕಾಲಕ್ಕೇ ಈ ವಿಧಾನವು ಬಳಕೆಯಲ್ಲಿತ್ತು.

ಓಲೆಗರಿಯ ಕ್ರಮವು ಇದಕ್ಕೆ ವಿಪರೀತವಾದುದು. ಕಬ್ಬಿಣದ ಕಂಟದಿಂದ ಕೊರೆದ ಗೆರೆಯು ಮೊದಲು ಕಾಣುವುದೇ ಕಷ್ಟ. ಮಸಿಯನ್ನು ತೀಡಿ ಒರಸಿದ ಮೇಲೆ ಅದು ತಗ್ಗಿನಲ್ಲಿ ಉಳಿದು, ಅಕ್ಷರವು ತಿಳಿಯಾದ ಗರಿಯ ಮೇಲೆ ಕಪ್ಪಾಗಿ ಮೂಡುತ್ತದೆ. ತಾಮ್ರದ ಫಲಕವನ್ನು ಕೊರೆದು ಚಿತ್ರವನ್ನು ಅಚ್ಚೊತ್ತುವವರೂ ಮಸಿಯನ್ನು ತಗ್ಗಿನಲ್ಲಿಯೇ ನಿಲ್ಲಿಸುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಕ್ರಮವು ಮೂರನೆಯದು. ಅಲ್ಲಿ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಜಿಡ್ಡಿಗೂ ನೀರಿಗೂ ಇರುವ ವಿರೋಧದಿಂದಲೇ ಗೆರೆಯು ಮಸಿಯನ್ನು ಹಿಡಿಯುತ್ತದೆ. 1843ರ 'ಮಂಗಳೂರ ಸಮಾಚಾರ'ವು ಹೀಗೆ ಅಚ್ಚಾದುದು.

ಓಲೆಯಿಂದ ಅಚ್ಚು ಹುಟ್ಟಿತೆಂದು ಇದರಿಂದ ಸಾಧಿಸಲಾಗದು. ಆದರೆ ಇಂದಿನ ಚಿತ್ರಕಾರರು ಆಕೃತಿಗಳನ್ನು ಬಿಟ್ಟು, ಬರಿಯ ಗೆರೆ, ತಗ್ಗು, ಬೆಳಕುಗಳಿಂದಲೇ ರಚಿಸುವ ಅಚ್ಚುಚಿತ್ರಗಳ ಮೂಲತತ್ತ್ವವು ಈ ನಾಡಿನ ಲಿಪಿಕಾರನಿಗೆ ಅಪರಿಚಿತವಾಗಿರಲಿಲ್ಲವೆಂಬುದು ನಿಸ್ಸಂದೇಹ.

ಇತಿಹಾಸಕಾರನಿಗೆ ಇಲ್ಲಿ ಒಂದು ಎಚ್ಚರಿಕೆಯೂ ಇದೆ. ಉಳಿಯ ಗೆರೆಗೂ ಮಳೆಯ ಸವಕಳಿಗೂ ಪಡಿಯಚ್ಚು ಭೇದವೆಣಿಸದು, ಎರಡೂ ಬಿಳಿಯೇ. ೧ ಎಂಬ ಅಂಕೆಯ ತೆರೆದ ಬಾಯನ್ನು ಬಿರುಕೊಂದು ಮುಚ್ಚಿದರೆ ಅದು ೦ ಎಂದು ತೋರಿ, ಶಕವರ್ಷವೇ ವ್ಯತ್ಯಾಸವಾಗುವುದು. ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯು 1430ರದೆಂದೂ, ವೇಣೂರಿನ ಗೊಮ್ಮಟನನ್ನು 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದನೆಂದೂ ಹೇಳುವಾಗ ಆಧಾರವಾಗುವುದು ಇಂತಹ ಬರಹಗಳೇ. ಆದುದರಿಂದ ವರ್ಷದ ಅಂಕೆಯನ್ನು ಸಂವತ್ಸರ, ತಿಥಿ, ವಾರಗಳೊಡನೆ ತಾಳೆನೋಡಬೇಕು. ಸಂದೇಹವುಳಿದರೆ ಓರೆಯಾದ ಬೆಳಕಿನಲ್ಲಿ ಮೂಲಶಿಲೆಯನ್ನೇ ಮತ್ತೊಮ್ಮೆ ಓದಬೇಕು. ಪಡಿಯಚ್ಚು ಸಾಕ್ಷಿಯಾಗಬಲ್ಲುದು, ನಿರ್ಣಯವು ಓದುಗನ ಹೊಣೆ.