ಒಂದೇ ಜೀವ, ಒಂದೇ ಸೇವ್: ಅತಿ ಕಠಿಣ ಮಟ್ಟದ ಕಥೆ

(1/7)
ಬಾಲ್ಡರ್ಸ್ ಗೇಟ್ 3 ಆಡುವವರಿಗೆ ‘ಆನರ್ ಮೋಡ್’ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಡದವರಿಗೆ ಎರಡು ಮಾತು. ಯೋಧ, ಕಳ್ಳ, ಮಂತ್ರವಾದಿ ಅಂತ ನಾಲ್ಕು ಜನರ ತಂಡ ಕಟ್ಟಿಕೊಂಡು ಹತ್ತಾರು ಗಂಟೆ ಆಡುವ ಕಥೆಯ ಆಟ ಇದು. ಮಾಮೂಲಿ ಮಟ್ಟದಲ್ಲಿ ಸತ್ತರೆ ಹಿಂದಿನ ಸೇವ್ ತೆರೆದು ಮತ್ತೆ ಶುರು ಮಾಡಬಹುದು. ಆನರ್ ಮೋಡ್‌ನಲ್ಲಿ ಇರೋದು ಒಂದೇ ಸೇವ್. ನೀವು ಏನೇ ಮಾಡಿದ್ರೂ ಆಟ ಅದರ ಮೇಲೇ ಬರೀತಾ ಹೋಗುತ್ತೆ. ಇಡೀ ತಂಡ ನೆಲಕ್ಕುರುಳಿದರೆ ಮುಗೀತು. ಅದು ಎರಡನೇ ಗಂಟೆಯಾದರೂ ಅಷ್ಟೇ, ಎಂಬತ್ತನೇ ಗಂಟೆಯಾದರೂ ಅಷ್ಟೇ.

ಆಟ ಬಂದಿದ್ದು ಆಗಸ್ಟ್ 2023ರಲ್ಲಿ. ಲೇರಿಯನ್ ಸ್ಟುಡಿಯೋಸ್ ಈ ಮಟ್ಟವನ್ನು ಸೇರಿಸಿದ್ದು ಅದೇ ವರ್ಷ ನವೆಂಬರ್ 30ರಂದು, ಐದನೇ ಪ್ಯಾಚ್‌ನಲ್ಲಿ. ಗೆದ್ದವರಿಗೆ ಸಿಗೋದೇನು ಗೊತ್ತಾ? ಪರದೆ ಮೇಲೆ ಉರುಳುವ ಚಿನ್ನದ ಬಣ್ಣದ ದಾಳ. ಅಷ್ಟೇ!

ಒಂದು ದಾಳದ ಬಣ್ಣಕ್ಕೋಸ್ಕರ ಇಷ್ಟು ಒದ್ದಾಟ ಯಾಕೆ? ಉತ್ತರ ಹುಡುಕೋಕೆ ನಾವು 1980ರ ಆಸುಪಾಸಿಗೆ ಹೋಗಬೇಕು. ಅತಿ ಕಠಿಣ ಮಟ್ಟದ ಕಥೆ ಅಂದ್ರೆ ರಾಕ್ಷಸರ ಬಲ ಹೆಚ್ಚಿದ ಕಥೆ ಅಂತ ನಾವು ಅಂದ್ಕೊಂಡಿರ್ತೀವಿ. ನನ್ನ ಲೆಕ್ಕದಲ್ಲಿ ಅದು ‘ಹೋದ ಜೀವ ಹೋಯ್ತು’ ಅನ್ನೋ ಒಂದು ಮಾತಿನ ಕಥೆ. ಆ ಮಾತನ್ನ ಕಾಯೋರು ಯಾರು ಅನ್ನೋ ಜಗಳ ನಲವತ್ತು ವರ್ಷ ದಾಟಿದರೂ ಮುಗಿದಿಲ್ಲ.

(2/7)
ಮೊದಲು ಕಾಗದ, ಪೆನ್ಸಿಲ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಆಟ. ನಿಮ್ಮ ಪಾತ್ರ ಸತ್ತರೆ ಹೊಸ ಹಾಳೆ ತಗೊಂಡು ಹೊಸ ಪಾತ್ರ ಬರೀಬೇಕು. ಅಲ್ಲಿ ಸೇವ್ ಅನ್ನೋ ಮಾತೇ ಇರಲಿಲ್ಲ. ಸಾವನ್ನು ಒಪ್ಪಿಕೊಳ್ಳಲೇಬೇಕು, ಯಾಕಂದ್ರೆ ಎದುರಿಗೆ ಸ್ನೇಹಿತರು ಕೂತು ನೋಡ್ತಿರ್ತಾರೆ.

1980ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಇದನ್ನ ಕಂಪ್ಯೂಟರಿಗೆ ತಂದರು. ಆಟದ ಹೆಸರು ‘ರೋಗ್’. ಚಿತ್ರ ಇಲ್ಲ, ಬರೀ ಅಕ್ಷರ. ನೀವು ಒಂದು @ ಚಿಹ್ನೆ. ರಾಕ್ಷಸರು ಎಯಿಂದ ಝಡ್‌ವರೆಗಿನ 26 ದೊಡ್ಡಕ್ಷರಗಳು. ಪ್ರತಿ ಸಲ ನೆಲಮಾಳಿಗೆ ಹೊಸದಾಗಿ ಹುಟ್ಟುತ್ತೆ, ಹಾಗಾಗಿ ದಾರಿ ಬಾಯಿಪಾಠ ಮಾಡಿ ಉಪಯೋಗ ಇಲ್ಲ.

ಮೊದಲು ಒಂದೇ ಸಲ ಕೂತು ಮುಗಿಸಬೇಕಿತ್ತು. ಜನ ಕೇಳಿದ್ರು ಅಂತ ಸೇವ್ ಕೊಟ್ಟರು. ಕೊಟ್ಟ ಮೇಲೆ ನೋಡಿದ್ರೆ, ಸತ್ತಾಗಲೆಲ್ಲ ಜನ ಹಳೇ ಸೇವ್ ತೆರೆದು ಎದ್ದು ಬರ್ತಿದ್ದಾರೆ! ಆಗ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಸೇವ್ ತೆರೆದ ಕೂಡಲೇ ಆ ಫೈಲ್ ಅಳಿಸಿಹೋಗುತ್ತೆ. ಸೇವ್ ಅಂದ್ರೆ ಪುಸ್ತಕದಲ್ಲಿ ಇಟ್ಟ ಗುರುತು, ಊಟ ಮಾಡಿ ಬರೋಕೆ ಸಿಕ್ಕ ಬಿಡುವು. ಸಾವಿನಿಂದ ತಪ್ಪಿಸಿಕೊಳ್ಳೋ ಬಾಗಿಲಲ್ಲ. ಸತ್ತರೆ ಪರದೆ ಮೇಲೆ ನಿಮ್ಮ ಹೆಸರಿನ ಗೋರಿಕಲ್ಲು. ಜೊತೆಗೆ, ಅದೇ ಕಂಪ್ಯೂಟರ್ ಹಂಚಿಕೊಂಡವರೆಲ್ಲ ನೋಡಬಹುದಾದ ಅಂಕಪಟ್ಟಿ. ಮೇಜಿನ ಸುತ್ತ ಕೂತ ಸ್ನೇಹಿತರ ಜಾಗಕ್ಕೆ ಆ ಪಟ್ಟಿ ಬಂತು.

(3/7)
ಮನೆ ಕಂಪ್ಯೂಟರಿನಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ ಸಿಕ್ಕಿತು. 1981ರಲ್ಲಿ ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ಆ್ಯಪಲ್ II ಗೆ ‘ವಿಝಾರ್ಡ್ರಿ’ ತಂದರು. ಆರು ಜನರ ತಂಡ, ಕೆಳಗೆ ಹತ್ತು ಅಂತಸ್ತಿನ ಚಕ್ರವ್ಯೂಹ.

ಇಲ್ಲಿ ಸತ್ತವರನ್ನ ಊರಿನ ಗುಡಿಗೆ ಹೊತ್ತು ತಂದು, ದುಡ್ಡು ಕೊಟ್ಟು ಬದುಕಿಸಬಹುದು. ಆದರೆ ಪೂಜೆ ಫಲಿಸದೆ ಹೋದರೆ ದೇಹ ಬೂದಿ ಆಗುತ್ತೆ. ಬೂದಿಯಿಂದ ಎಬ್ಬಿಸೋಕೆ ಇನ್ನೊಂದು ಪ್ರಯತ್ನ ಮಾಡಬಹುದು. ಅದೂ ತಪ್ಪಿದರೆ ಆ ಪಾತ್ರ ಶಾಶ್ವತವಾಗಿ ಹೋಯ್ತು. ಇಡೀ ತಂಡವೇ ಕೆಳಗೆ ಸತ್ತರೆ ಹೆಣಗಳು ಅಲ್ಲೇ ಬಿದ್ದಿರುತ್ತವೆ. ನೀವು ಹೊಸ ತಂಡ ಕಟ್ಟಿ, ಬಲಿಸಿ, ಅದೇ ಅಂತಸ್ತಿಗೆ ಕಳಿಸಿ ಅವರನ್ನ ಹೊತ್ತು ತರಬೇಕು. ಸಾಯಿಸಿದ ಜಾಗಕ್ಕೇ ವಾಪಸ್ ಹೋಗಬೇಕು ಅನ್ನೋದನ್ನ ಸ್ವಲ್ಪ ಯೋಚಿಸಿ ನೋಡಿ!

ಆಟ ಇದನ್ನೆಲ್ಲ ಫ್ಲಾಪಿ ಡಿಸ್ಕ್ ಮೇಲೆ ತಕ್ಷಣ ಬರೆದುಬಿಡ್ತಿತ್ತು. ಆಡೋರು ಸುಮ್ಮನಿರ್ತಾರಾ? ಸಾವು ಬಂತು ಅಂದ ಕೂಡಲೇ ಮಷಿನ್ ಆಫ್ ಮಾಡೋದು, ಮೊದಲೇ ಡಿಸ್ಕ್ ನಕಲು ಮಾಡಿ ಇಟ್ಟುಕೊಳ್ಳೋದು ಶುರುವಾಯ್ತು. ಬೀಗ ಹಾಕಿದೋರು ಒಂದು ಕಡೆ, ಕೀಲಿ ಮಾಡಿಸ್ಕೊಂಡೋರು ಇನ್ನೊಂದು ಕಡೆ.

ಇದೇ ಆಟದಿಂದ ಪ್ರೇರಣೆ ಪಡೆದ ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’ 1986ರಲ್ಲಿ ಮೆದು ದಾರಿ ಹಿಡಿಯಿತು. ಸತ್ತರೆ ನೀವು ರಾಜನ ಮುಂದೆ ಎದ್ದು ನಿಲ್ತೀರಿ, ಅರ್ಧ ಚಿನ್ನ ಹೋಗಿರುತ್ತೆ, ಅನುಭವ ಉಳಿದಿರುತ್ತೆ. ಲಕ್ಷಾಂತರ ಜನರಿಗೆ ಈ ಬಗೆಯ ಆಟ ತಲುಪಿದ್ದು ಇಂಥ ಮೆದು ದಾರಿಯಿಂದಲೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಕಠಿಣ ಆಟ ಬೇಕು ಅನ್ನೋರು ಪ್ರತ್ಯೇಕ ಪಂಗಡ ಆಗಿದ್ದು ಇಲ್ಲಿಂದ ಮುಂದೆ.

(4/7)
ಆ ಪಂಗಡದ ಗುರುಕುಲ ಅಂದ್ರೆ ‘ನೆಟ್‌ಹ್ಯಾಕ್’. 1987ರಲ್ಲಿ ಮೊದಲ ಬಿಡುಗಡೆ. ಉಚಿತ. ಅಂತರ್ಜಾಲದಲ್ಲಿ ಪರಿಚಯವಾದವರು ಸೇರಿ ಬೆಳೆಸಿದ ಆಟ, ಇವತ್ತಿಗೂ ಆಡುವವರಿದ್ದಾರೆ.

ಇಲ್ಲಿ ಸಾಯೋಕೆ ದಾರಿಗಳು ಸಾವಿರ. ಕಾಕಟ್ರೈಸ್ ಅನ್ನೋ ಕೋಳಿಯಂಥ ಪ್ರಾಣಿಯನ್ನ ಬರಿಗೈಯಲ್ಲಿ ಮುಟ್ಟಿದರೆ ಕಲ್ಲಾಗ್ತೀರಿ. ಕೈಗವಸು ಹಾಕಿದ್ದರೆ ಅದರ ಹೆಣವನ್ನೇ ಆಯುಧ ಮಾಡಿಕೊಂಡು ಬೇರೆಯವರನ್ನ ಕಲ್ಲು ಮಾಡಬಹುದು. ಆದರೆ ಅದನ್ನ ಹಿಡಿದು ನಡೆಯುವಾಗ ಗುಂಡಿಗೆ ಬಿದ್ದರೆ ಮತ್ತೆ ನೀವೇ ಕಲ್ಲು! ನೆಲದ ಮೇಲೆ ‘ಎಲ್ಬೆರೆತ್’ ಅಂತ ಕೆತ್ತಿದರೆ ಬಹಳಷ್ಟು ರಾಕ್ಷಸರು ಹತ್ತಿರ ಬರಲ್ಲ. ಟೋಲ್ಕಿನ್ ಪುಸ್ತಕಗಳಿಂದ ಬಂದ ಹೆಸರು ಅದು. ಇದನ್ನ ಆಟ ತಾನಾಗಿ ಬಿಡಿಸಿ ಹೇಳಿಕೊಡಲ್ಲ. ಹಿರಿಯ ಆಟಗಾರರಿಂದ ಬಾಯಿಂದ ಬಾಯಿಗೆ ಬರಬೇಕು.

ನನಗೆ ಅತಿ ಕ್ರೂರ ಅನ್ಸೋದು ಕೊನೆಯ ಪ್ರಶ್ನೆ. ಸತ್ತ ಮೇಲೆ ಆಟ ಕೇಳುತ್ತೆ, ನಿಮ್ಮ ಚೀಲದಲ್ಲಿದ್ದ ವಸ್ತುಗಳು ಏನೇನು ಅಂತ ತಿಳ್ಕೋಬೇಕಾ? ಹೂಂ ಅಂದ್ರೆ ಪಟ್ಟಿ ಬರುತ್ತೆ. ಏನೋ ಅಂತ ಗೊತ್ತಿಲ್ಲದೆ ಹೊತ್ತು ತಿರುಗಿದ ಆ ಸುರುಳಿ, ಆ ಮಂತ್ರದಂಡ ನಿಮ್ಮನ್ನ ಉಳಿಸ್ತಿತ್ತು ಅಂತ ಆಗ ಗೊತ್ತಾಗುತ್ತೆ. ಮುಂದಿನ ಪಾತ್ರ ಬದುಕೋದು ಈ ಪಾಠದಿಂದ. ಪಾತ್ರ ಸತ್ತರೂ ಕಲಿತದ್ದು ಸಾಯಲ್ಲ ಅಲ್ವಾ?

ಇನ್ನೊಂದು ಮಾತು. ಸಾಯದೆ ಅಭ್ಯಾಸ ಮಾಡೋಕೆ ನೆಟ್‌ಹ್ಯಾಕ್ ತಾನೇ ಒಂದು ಮೋಡ್ ಕೊಡುತ್ತೆ. ಅಲ್ಲಿ ಬೇಕಾದಷ್ಟು ಆಡಿ, ಆದರೆ ಅಂಕಪಟ್ಟಿಗೆ ನಿಮ್ಮ ಹೆಸರು ಹೋಗಲ್ಲ. ಮೋಸ ಮಾಡಬೇಡ ಅನ್ನೋದಕ್ಕಿಂತ ಇದು ಎಷ್ಟು ಚೆಂದದ ಒಪ್ಪಂದ!

(5/7)
ಇಷ್ಟೆಲ್ಲ ಅಕ್ಷರಗಳ ಲೋಕ. ಇದನ್ನ ಬಣ್ಣ, ರಕ್ತ, ಸಂಗೀತದ ಲೋಕಕ್ಕೆ ತಂದಿದ್ದು ‘ಡಿಯಾಬ್ಲೊ’. ಮೊದಲು ಅದು ರೋಗ್ ತರಹವೇ ಸರದಿ ಪ್ರಕಾರ ಆಡುವ ಆಟವಾಗಿತ್ತು, ಆಮೇಲೆ ಕ್ಲಿಕ್ ಮಾಡಿ ಹೊಡೆದಾಡೋ ಆಟ ಆಯ್ತು. 2000ದಲ್ಲಿ ಬಂದ ‘ಡಿಯಾಬ್ಲೊ II’ ನಲ್ಲಿ ‘ಹಾರ್ಡ್‌ಕೋರ್’ ಅನ್ನೋ ಆಯ್ಕೆ ಸೇರಿತು. ಒಂದೇ ಜೀವ. ಅದೂ ಸುಮ್ಮನೆ ಸಿಗಲ್ಲ, ಮೊದಲು ಮಾಮೂಲಿ ಪಾತ್ರದಲ್ಲಿ ಆಟ ಮುಗಿಸಿ ಅರ್ಹತೆ ತೋರಿಸಬೇಕು. ಆನ್‌ಲೈನ್‌ನಲ್ಲಿ ಆಡುವ ಪಾತ್ರಗಳು ಕಂಪನಿಯ ಸರ್ವರ್‌ನಲ್ಲಿ ಉಳಿಯೋದರಿಂದ ಫೈಲ್ ನಕಲು ಮಾಡೋ ಆಟ ಅಲ್ಲಿ ನಡೆಯಲಿಲ್ಲ. ಬೀಗಕ್ಕೆ ಕೊನೆಗೂ ಗಟ್ಟಿ ಬಾಗಿಲು ಸಿಕ್ಕಿತು.

ಮೇ 2012ರಲ್ಲಿ ಬಂದ ‘ಡಿಯಾಬ್ಲೊ III’ ರಲ್ಲಿ ನಾಲ್ಕು ಮಟ್ಟ. ಕೊನೆಯದು ‘ಇನ್ಫರ್ನೊ’. ತಂಡದೊಳಗೆ ಪರೀಕ್ಷೆ ಮಾಡಿ, ತುಂಬಾ ಕಷ್ಟ ಅಂತ ಅನಿಸಿದ ಮೇಲೆ ಅದನ್ನ ಇನ್ನೂ ಎರಡು ಪಟ್ಟು ಮಾಡಿದ್ವಿ ಅಂತ ಆಟದ ನಿರ್ದೇಶಕ ಜೇ ವಿಲ್ಸನ್ ಹೇಳಿದ್ದು ಬಹಳ ಪ್ರಸಿದ್ಧ. ಅಂಥ ಮಟ್ಟವನ್ನ ಒಂದೇ ಜೀವದಲ್ಲಿ ಮೊದಲು ದಾಟಿದವರು ಕ್ರಿಪೇರಿಯನ್ ಮತ್ತು ಕ್ರಿಪ್ಪಿ ಅನ್ನೋ ಜೋಡಿ, ಜೂನ್ 2012ರಲ್ಲಿ. ಅದೇ ತಿಂಗಳ 1.0.3 ಪ್ಯಾಚ್‌ನಲ್ಲಿ ಕಂಪನಿಯೇ ಇನ್ಫರ್ನೊ ರಾಕ್ಷಸರ ಪೆಟ್ಟು ಕಡಿಮೆ ಮಾಡಿತು.

ಗಮನಿಸಿ, ಅಂಕಿ ಎರಡು ಪಟ್ಟು ಮಾಡಿದ ಕಷ್ಟ ಒಂದೇ ಪ್ಯಾಚ್‌ಗೆ ಕರಗಿತು. ರೋಗ್ ಕಟ್ಟಿದ ‘ಒಂದೇ ಜೀವ’ದ ನಿಯಮ ಅಷ್ಟೊತ್ತಿಗೆ ಮೂವತ್ತು ವರ್ಷ ದಾಟಿತ್ತು.

(6/7)
ಹಾಗಾದ್ರೆ ಗಟ್ಟಿ ಬಾಗಿಲು ಇದ್ದರೆ ಸಾಕಾ? ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್’ ಕಥೆ ಕೇಳಿ.

ಅಲ್ಲಿ ಒಂದೇ ಜೀವದ ಆಟವನ್ನ ಮೊದಲು ಶುರು ಮಾಡಿದ್ದು ಕಂಪನಿಯಲ್ಲ, ಆಡುವವರು. ಸತ್ತರೆ ಪಾತ್ರ ಅಳಿಸ್ತೀವಿ, ಹೊರಗಿನವರ ಸಹಾಯ ತಗೊಳ್ಳಲ್ಲ, ಹರಾಜುಕಟ್ಟೆಗೆ ಹೋಗಲ್ಲ ಅಂತ ತಾವೇ ನಿಯಮ ಮಾಡಿಕೊಂಡರು. ಲೆಕ್ಕ ಇಡೋಕೆ ಒಂದು ಆ್ಯಡ್‌ಆನ್ ಬರೆದರು. ಇದು ಎಷ್ಟು ಹಬ್ಬಿತು ಅಂದ್ರೆ 2023ರ ಆಗಸ್ಟ್ 24ರಂದು ಬ್ಲಿಝಾರ್ಡ್ ಕಂಪನಿಯೇ ಅಧಿಕೃತ ಹಾರ್ಡ್‌ಕೋರ್ ಸರ್ವರ್ ತೆರೆಯಿತು. ನೆಟ್ ಹೋಯ್ತು, ಲ್ಯಾಗ್ ಆಯ್ತು ಅಂತ ಯಾವ ಕಾರಣ ಕೊಟ್ಟರೂ ಸತ್ತವರನ್ನ ಎಬ್ಬಿಸಲ್ಲ ಅನ್ನೋದು ಅಲ್ಲಿನ ಕಾನೂನು. ಮಳೆ ಬಂದ್ರೆ ಕರೆಂಟ್ ಹೋಗೋ ನಮ್ಮೂರುಗಳಲ್ಲಿ ಕೂತು ಆಡೋರಿಗೆ ಈ ಕಾನೂನಿನ ಬಿಸಿ ಬೇಗ ತಟ್ಟುತ್ತೆ ಬಿಡಿ.

ಮಾರ್ಚ್ 2025ರಲ್ಲಿ ಆ ಕಾನೂನಿಗೇ ಪರೀಕ್ಷೆ ಬಂತು. ‘ಓನ್ಲಿಫ್ಯಾಂಗ್ಸ್’ ಅನ್ನೋ ಸ್ಟ್ರೀಮರ್‌ಗಳ ಗುಂಪು ದೊಡ್ಡ ದಾಳಿಯ ನಡುವೆ ಇದ್ದಾಗ ಯಾರೋ ಬೇಕಂತಲೇ ಸರ್ವರ್ ಮೇಲೆ ಡಿಡಾಸ್ ದಾಳಿ ಮಾಡಿದರು. ಸಂಪರ್ಕ ಕಡಿಯಿತು, ತಿಂಗಳುಗಟ್ಟಲೆ ಬೆಳೆಸಿದ ಪಾತ್ರಗಳು ಸತ್ತವು. ಕಂಪನಿ ತನ್ನ ಕಾನೂನು ಸಡಿಲಿಸಿ, ಇಂಥ ದಾಳಿಯಲ್ಲಿ ಸತ್ತವರನ್ನ ಬದುಕಿಸ್ತೀವಿ ಅಂತ ಘೋಷಿಸಿತು.

ಸರಿಯೋ ತಪ್ಪೋ? ನನಗೆ ಸರಿ ಅನ್ಸುತ್ತೆ. ಆಟದ ಒಳಗಿನ ಸಾವಿಗೆ ಮರ್ಯಾದೆ ಬರೋದು ಅದು ಆಟದಿಂದಲೇ ಬಂದಾಗ. ಹೊರಗಿಂದ ಯಾರೋ ಮೇಜನ್ನೇ ತಲೆಕೆಳಗು ಮಾಡಿದ್ರೆ, ಅದನ್ನ ಸೋಲು ಅಂತ ಕರೆಯೋಕಾಗಲ್ಲ.

(7/7)
ಈಗ ಆನರ್ ಮೋಡ್‌ಗೆ ಬರೋಣ. ಅಲ್ಲಿ ಬದುಕೋದು ಹೇಗೆ?

ದೊಡ್ಡ ಬಾಸ್‌ಗಳಿಗೆ ಅಲ್ಲಿ ‘ಲೆಜೆಂಡರಿ ಆ್ಯಕ್ಷನ್’ ಅನ್ನೋ ಹೆಚ್ಚುವರಿ ಪಟ್ಟು ಇದೆ, ನಿಮ್ಮ ಸರದಿಯಲ್ಲೂ ತಿರುಗಿ ಹೊಡೀತಾರೆ. ಬೇರೆ ಮಟ್ಟದಲ್ಲಿ ಫಲಿಸುವ ಕೆಲವು ಜೋಡಿ ತಂತ್ರಗಳು ಇಲ್ಲಿ ಫಲಿಸಲ್ಲ. ಹಾಗಾಗಿ ಪಳಗಿದವರು ಮೊದಲು ಹೇಳಿಕೊಡೋದು ಓಡೋದನ್ನ. ಹೋರಾಟ ಶುರುವಾಗೋ ಮೊದಲೇ ಒಬ್ಬರನ್ನ ದೂರ ನಿಲ್ಲಿಸಿ. ಮೂವರು ಬಿದ್ದರೂ ಆ ಒಬ್ಬರು, ಹತ್ತಿರದಲ್ಲಿ ಶತ್ರು ಇಲ್ಲದಿದ್ದರೆ, ಶಿಬಿರಕ್ಕೆ ಪಾರಾಗಬಹುದು. ಅಲ್ಲಿ ವಿದರ್ಸ್ ಅನ್ನೋ ಅಸ್ಥಿಪಂಜರದಂಥ ಮುದುಕ ತಲೆಗೆ 200 ಚಿನ್ನದ ನಾಣ್ಯ ತಗೊಂಡು ಸತ್ತವರನ್ನ ಎಬ್ಬಿಸ್ತಾನೆ. 1981ರ ವಿಝಾರ್ಡ್ರಿ ಗುಡಿ ನೆನಪಾಯ್ತಾ? ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅನ್ನೋ ನಮ್ಮ ಗಾದೆ ಈ ಮೋಡ್‌ಗೇ ಹೇಳಿ ಮಾಡಿಸಿದ ಹಾಗಿದೆ.

ಇಡೀ ತಂಡ ಸತ್ತರೆ? ಬೇಕಾದ್ರೆ ಅದೇ ಕಥೆ ಮುಂದುವರಿಸಿ ಅನ್ನುತ್ತೆ ಆಟ, ಆದರೆ ಚಿನ್ನದ ದಾಳ ಸಿಗಲ್ಲ. ನೆಟ್‌ಹ್ಯಾಕ್ ಮಾಡಿದ ಅದೇ ಒಪ್ಪಂದ.

ಇಲ್ಲೂ ಕಳ್ಳದಾರಿ ಇದೆ. ಸಾಯೋ ಕ್ಷಣದಲ್ಲಿ ಆಟವನ್ನೇ ಬಲವಂತವಾಗಿ ಮುಚ್ಚೋದು, ಸೇವ್ ಫೈಲ್ ನಕಲು ಇಟ್ಟುಕೊಳ್ಳೋದು. ರೋಗ್ ಕಾಲದ ವಿದ್ಯಾರ್ಥಿಗಳು ಮಾಡಿದ್ದೇ ಇದು. ಆದರೆ ಆಗ ಎಲ್ಲರೂ ಹಂಚಿಕೊಂಡ ಅಂಕಪಟ್ಟಿ ಇತ್ತು. ಈಗ ಮನೆಯಲ್ಲಿ ಒಬ್ಬರೇ ಕೂತು ಆಡ್ತಿದ್ರೆ ನೋಡೋರು ಯಾರೂ ಇಲ್ಲ. ‘ಆನರ್’ ಅಂತ ಹೆಸರಿಟ್ಟಿದ್ದು ಅದಕ್ಕೇ ಒಪ್ಪುತ್ತೆ ಅಂತ ನನಗನ್ಸುತ್ತೆ. ಎಷ್ಟೇ ಬೀಗ ಹಾಕಿದ್ರೂ ಕೊನೆಯ ಕೀಲಿ ಆಡುವವರ ಕೈಯಲ್ಲೇ ಇರುತ್ತೆ. ಆ ದಾಳಕ್ಕೆ ಬೆಲೆ ಬರೋದು, ಕೀಲಿ ಕೈಯಲ್ಲಿದ್ದೂ ಬಾಗಿಲು ತೆಗೀದೆ ಇದ್ದೋರ ಹತ್ತಿರ ಮಾತ್ರ.

ನಿಮ್ಮ ಪಾತ್ರ ಎಲ್ಲಿ, ಯಾರ ಕೈಲಿ ಸತ್ತಿತು? ಕಮೆಂಟ್‌ನಲ್ಲಿ ಗೋರಿಕಲ್ಲು ನೆಡಿ. ಆನರ್ ಮೋಡ್ ಶುರು ಮಾಡೋಕೆ ಹೊರಟ ಗೆಳೆಯರಿದ್ದರೆ, ಮೊದಲು ಅವರಿಗೆ ಇದನ್ನ ಕಳಿಸಿ.

#ಆಟದಇತಿಹಾಸ #ಒಂದೇಜೀವ #ಆನರ್‌ಮೋಡ್ #ಕನ್ನಡಗೇಮರ್ಸ್