ರೋಗಿಯ ಗುಟ್ಟು ಯಾರ ಸೊತ್ತು?

ಪಾಪನಿವೇದನೆಯ ಗುಟ್ಟನ್ನು ಬಯಲುಮಾಡುವ ಗುರುವನ್ನು ಪದಚ್ಯುತಗೊಳಿಸಿ, ಜೀವನಪರ್ಯಂತ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಗುರಿಪಡಿಸಬೇಕೆಂದು 1215ರ ನಾಲ್ಕನೆಯ ಲಾತೆರಾನ್ ಮಹಾಸಭೆ ವಿಧಿಸಿತು. ಅದಕ್ಕೂ ಎಷ್ಟೋ ಶತಮಾನಗಳ ಮೊದಲೇ, ಹಿಪೊಕ್ರೆಟಿಸನ ಹೆಸರಿನ ಪ್ರತಿಜ್ಞೆಯು ವೈದ್ಯನಿಗೂ ಮೌನವ್ರತವನ್ನು ವಿಧಿಸಿತ್ತು. ಗುಟ್ಟು ಉಳಿಯುವುದೆಂಬ ನಂಬಿಕೆಯಿದ್ದರೆ ಮಾತ್ರ ನೊಂದವರು ಬಾಯಿ ತೆರೆಯುತ್ತಾರೆ.

ಈ ನಂಬಿಕೆ ನಮ್ಮ ಕಾಲದಲ್ಲಿ ಹೇಗೆ ಸಡಿಲಗೊಂಡಿತೆಂಬುದಕ್ಕೆ ಅಮೆರಿಕದ ಎರಡು ಘಟನೆಗಳು ಸಾಕ್ಷಿ. 2001ರ ಜೂನ್‌ನಲ್ಲಿ ಎಲಿ ಲಿಲ್ಲಿ ಕಂಪನಿಯು, ಖಿನ್ನತೆಯ ಔಷಧವಾದ ಪ್ರೊಝ್ಯಾಕ್ ಕುರಿತು ನೆನಪೋಲೆ ಪಡೆಯುತ್ತಿದ್ದ 669 ಮಂದಿಯ ಇ-ಮೇಲ್ ವಿಳಾಸಗಳನ್ನು ಒಂದೇ ಪತ್ರದಲ್ಲಿ ಎಲ್ಲರಿಗೂ ಕಾಣುವಂತೆ ಕಳುಹಿಸಿತು. ಅದು ಅಜಾಗರೂಕತೆ. 2023ರಲ್ಲಿ ಬೆಳಕಿಗೆ ಬಂದದ್ದಾದರೋ ವ್ಯಾಪಾರ. ಔಷಧಗಳಿಗೆ ರಿಯಾಯಿತಿ ಕೂಪನ್ ನೀಡುವ ಗುಡ್‌ಆರ್‌ಎಕ್ಸ್ ಸಂಸ್ಥೆಯು ಬಳಕೆದಾರರ ಔಷಧ, ರೋಗಗಳ ವಿವರವನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಗೂಗಲ್ ಮುಂತಾದವುಗಳೊಡನೆ ಹಂಚಿಕೊಂಡಿತೆಂದು ಅಲ್ಲಿನ ಫೆಡರಲ್ ವಾಣಿಜ್ಯ ಆಯೋಗ ಆರೋಪಿಸಿತು. ಸಂಸ್ಥೆಯು ತಪ್ಪೊಪ್ಪಿಕೊಳ್ಳದೆ 15 ಲಕ್ಷ ಡಾಲರ್ ದಂಡ ತೆರಲು ಸಮ್ಮತಿಸಿತು. 1996ರ ಆರೋಗ್ಯ ಗೋಪ್ಯತೆಯ ಕಾನೂನು ಆಸ್ಪತ್ರೆ, ವಿಮಾ ಕಂಪನಿಗಳನ್ನು ಕಟ್ಟಿಹಾಕಿದ್ದರೂ, ಇಂತಹ ಹೊಸ ಮಧ್ಯವರ್ತಿಗಳಲ್ಲಿ ಬಹುಪಾಲು ಅದರ ಹೊರಗೇ ಉಳಿದಿದ್ದರು.

ನಮ್ಮ ದೇಶವೂ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಕಾಯ್ದೆಯೊಂದೇ ಸಾಲದು. ಕಾಯಿಲೆಯ ಹೆಸರು ಜಾಹೀರಾತಾಗಿ ಮರಳಿ ಬರುವುದೆಂಬ ಭಯದಿಂದ ಒಬ್ಬ ರೋಗಿ ಚಿಕಿತ್ಸೆಯಿಂದಲೇ ದೂರ ಸರಿದರೆ, ಆ ನಷ್ಟವನ್ನು ಯಾವ ದಂಡ ತುಂಬೀತು? ಆದುದರಿಂದ ರಿಯಾಯಿತಿಯ ಆಸೆಗೆ ಮನೆಯವರ ಕಾಯಿಲೆಯ ವಿವರ ಕೊಡುವ ಮುನ್ನ, ಅದು ಯಾರ ಕೈ ಸೇರುವುದೆಂದು ಕೇಳಿರಿ. ನೆರೆಯವರ ನೋವಿನ ವಿಷಯದಲ್ಲಿಯೂ ನಿಮ್ಮ ನಾಲಿಗೆ ಅದೇ ಮೌನವನ್ನು ಪಾಲಿಸಲಿ.